ಪುಣೆಯಲ್ಲಿ ಕಾಟ್ ಸಿಗುತ್ತೆ, ಕಾಗದ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದಿಂದ ಓದಲಿಕ್ಕೆ ಬಂದವರು ಮುಂದೆ ಕೂತಿದ್ದೀರಿ, ಅಪ್ಪ ಅಮ್ಮಂದಿರು ಹಿಂದೆ. ನಾನು ಪುಣೆಯ ಕೋಥ್ರೂಡಿನ ಒಂದು ಹೌಸಿಂಗ್ ಸೊಸೈಟಿಯ, ಅಂದರೆ ಫ್ಲ್ಯಾಟ್ ಮಾಲೀಕರ ಸಂಘದ, ಕಮಿಟಿಯಲ್ಲಿದ್ದೇನೆ. ಬಾಡಿಗೆಗೆ ಬರುವ ವಿದ್ಯಾರ್ಥಿಗಳ ಕಾಗದಪತ್ರ ನನ್ನ ಕೈಗೇ ಬರುತ್ತವೆ. ಹಾಗಾಗಿ ಚೆಂದದ ರೂಮ್ ಹುಡುಕುವುದು ಹೇಗೆ ಅಂತ ಹೇಳುವುದಿಲ್ಲ, ಕಾಗದದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಅದಕ್ಕೆ ಮೊದಲು ಜಾಗ. ಸಿಂಬಯೋಸಿಸ್ ಯೂನಿವರ್ಸಿಟಿ ಅಂದ ಕೂಡಲೇ ಸೇನಾಪತಿ ಬಾಪಟ್ ರಸ್ತೆ ಅಂದುಕೊಂಡು ಡಿಪಾಜಿಟ್ ಕೊಟ್ಟುಬಿಡಬೇಡಿ. ಅವರ ಕ್ಯಾಂಪಸ್ ವಿಮಾನ್ ನಗರದಲ್ಲೂ ಇದೆ, ಹಿಂಜವಡಿಯಲ್ಲೂ ಇದೆ, ಊರಾಚೆ ಲವಳೆಯಲ್ಲೂ ಇದೆ. ಪುಣೆ ಯೂನಿವರ್ಸಿಟಿ ಗಣೇಶಖಿಂಡದಲ್ಲಿದೆ ನಿಜ, ಆದರೆ ಅದಕ್ಕೆ ಸೇರಿದ ಕಾಲೇಜುಗಳು ನಾಸಿಕ್, ಅಹಿಲ್ಯಾನಗರದವರೆಗೂ ಇವೆ. ಕ್ಲಾಸ್ ಎಲ್ಲಿ ನಡೆಯುತ್ತೆ ಅಂತ ಅಡ್ಮಿಷನ್ ಪತ್ರದಲ್ಲಿ ನೋಡಿ. ವನಾಜ್‌ನಿಂದ ಡೆಕ್ಕನ್ ದಾಟಿ ರಾಮವಾಡಿವರೆಗೆ ಮೆಟ್ರೋ ಓಡುತ್ತೆ, ಆ ದಾರಿಯಲ್ಲಿ ರೂಮ್ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಕಾಲೇಜಿನ ಹಾಸ್ಟೆಲ್‌ಗೆ ಎಲ್ಲರೂ ಅರ್ಜಿ ಹಾಕಿ. ಸಿಗದೆ ಹೋದರೂ ಹಾಕಿ, ವೇಟಿಂಗ್ ಲಿಸ್ಟ್ ಮುಂದೆ ಸರಿಯುತ್ತೆ. ಪಿಜಿ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಒಂದೇ ಮಾತು: ಬಿಲ್‌ನಲ್ಲಿ ಜಿಎಸ್‌ಟಿ ಸೇರಿಸಿದರೆ ಕೇಳಿ. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ಬಾಡಿಗೆಗೆ, ಸತತ 90 ದಿನ ಇದ್ದರೆ, 2024ರಿಂದ ಅದು ಇಲ್ಲ.

ಇನ್ನು ಕಾಟ್ ಬೇಸಿಸ್. ಸದಾಶಿವ ಪೇಠ್, ನಾರಾಯಣ ಪೇಠ್ ಕಡೆ ಹೋದರೆ ಲೈಟ್ ಕಂಬದ ಮೇಲೂ ಈ ಚೀಟಿ ಅಂಟಿಸಿರುತ್ತಾರೆ. ರೂಮಿನಲ್ಲಿ ಒಂದು ಮಂಚ ಮಾತ್ರ ನಿಮ್ಮದು. ಎಂಪಿಎಸ್‌ಸಿ, ಅಂದರೆ ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಓದುವ ಹುಡುಗರು ಅಲ್ಲಿ ತುಂಬಾ ಇದ್ದಾರೆ, ಅಭ್ಯಾಸಿಕೆಗಳೂ, ಅಂದರೆ ಕೂತು ಓದುವ ರೀಡಿಂಗ್ ರೂಮ್‌ಗಳೂ ಹತ್ತಿರದಲ್ಲೇ ಇವೆ, ಮೆಸ್ ಕೂಡ. ಅಗ್ಗ, ಅನುಕೂಲ, ನಾನೇನೂ ಬೇಡ ಅನ್ನುವುದಿಲ್ಲ. (ಗಣಪತಿ ವಿಸರ್ಜನೆಯ ದಿನ ಮಾತ್ರ ಅಲ್ಲಿ ಓದುವ ಆಸೆ ಬಿಡಿ, ಲಕ್ಷ್ಮೀ ರಸ್ತೆಯ ಮೆರವಣಿಗೆ ಮರುದಿನ ಬೆಳಗಾದರೂ ಮುಗಿದಿರುವುದಿಲ್ಲ.) ತೊಂದರೆ ಎಲ್ಲಿ ಅಂದರೆ, ಫ್ಲ್ಯಾಟಿನ ಬಾಡಿಗೆ ಕರಾರು ಯಾವುದೋ ಸೀನಿಯರ್ ಹೆಸರಲ್ಲಿರುತ್ತೆ, ಅವನು ಪಾಸಾಗಿ ಊರಿಗೆ ಹೋಗಿ ಎಷ್ಟೋ ದಿನ ಆಗಿರುತ್ತೆ, ಅವನ ಮಂಚ ಇನ್ನೊಬ್ಬನಿಗೆ, ಅವನಿಂದ ನಿಮಗೆ. ಡಿಪಾಜಿಟ್ ನೀವು ಕೊಟ್ಟದ್ದು ಹಿಂದಿನ ಹುಡುಗನಿಗೆ, ಮಾಲೀಕರಿಗೆ ನಿಮ್ಮ ಹೆಸರೇ ಗೊತ್ತಿಲ್ಲ. ನಾಳೆ ರೂಮ್ ಖಾಲಿ ಮಾಡಿ ಅಂದರೆ ಯಾರ ಹತ್ತಿರ ದುಡ್ಡು ಕೇಳುತ್ತೀರಿ?

ನಮ್ಮ ಕಡೆಯವರು ಎಡವುವುದೂ ಇಲ್ಲೇ. ಕರ್ನಾಟಕದಲ್ಲಿ 11 ತಿಂಗಳ ಕರಾರನ್ನು ಸ್ಟಾಂಪ್ ಪೇಪರ್ ಮೇಲೆ ಬರೆಸಿ, ಸಹಿ ಹಾಕಿ ಮುಗಿಸುತ್ತಾರೆ, ರಿಜಿಸ್ಟರ್ ಮಾಡಿಸುವ ಗೋಜಿಲ್ಲ. ಇಲ್ಲಿ ಹಾಗಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಇಲ್ಲಿ ಮನೆ ಬಾಡಿಗೆಗೆ ಸಾಮಾನ್ಯವಾಗಿ ಮಾಡಿಕೊಳ್ಳುವುದು ಇದನ್ನೇ) ಎಷ್ಟೇ ತಿಂಗಳದ್ದಾಗಲಿ, ಬರಹದಲ್ಲಿರಬೇಕು, ನೋಂದಣಿ ಆಗಬೇಕು. ಮಾಡಿಸುವ ಹೊಣೆ ಮಾಲೀಕರದು, ನಿಮ್ಮದಲ್ಲ. ಮಾಡಿಸದಿದ್ದರೆ ಅವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಆಗಬಹುದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ನೋಂದಣಿಯಾದ ಕರಾರು ಇಲ್ಲದೆ ಜಗಳ ಬಂದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದನ್ನೇ ಕಾಯ್ದೆ ಮೊದಲು ನಂಬುತ್ತೆ, ಅದು ಸುಳ್ಳು ಅಂತ ಮಾಲೀಕರು ತೋರಿಸಬೇಕು.

ಹಾಗಾದರೆ ಮಾಲೀಕರು ಯಾಕೆ ಹಿಂಜರಿಯುತ್ತಾರೆ? ಬಾಡಿಗೆ ಆದಾಯ ಲೆಕ್ಕಕ್ಕೆ ಬರುತ್ತೆ, ಅದು ಒಂದು. ಮಾಲೀಕರು ತಾವಿರದೆ ಬಾಡಿಗೆಗೆ ಕೊಟ್ಟರೆ ನಮ್ಮಂಥ ಸೊಸೈಟಿ ನಾನ್-ಆಕ್ಯುಪೆನ್ಸಿ ಚಾರ್ಜ್ ಹಾಕುತ್ತೆ, ಅದು ಇನ್ನೊಂದು. ಆದರೆ ಆ ಚಾರ್ಜು ಸೊಸೈಟಿಗೆ ಅವರು ಕಟ್ಟುವ ಸರ್ವಿಸ್ ಚಾರ್ಜಿನ ಶೇಕಡ 10 ದಾಟುವಂತಿಲ್ಲ, ದೊಡ್ಡ ಮೊತ್ತವೇನಲ್ಲ. ನೋಂದಣಿಯೂ ಈಗ ಆನ್‌ಲೈನ್. ಏಜೆಂಟ್ ಮನೆಗೇ ಬಂದು ಹೆಬ್ಬೆಟ್ಟು ತೆಗೆದುಕೊಂಡು ಹೋಗುತ್ತಾನೆ, ಪುಣೆ ಊರೊಳಗೆ ನೋಂದಣಿ ಫೀ 1,000 ರೂಪಾಯಿ, ಸ್ಟಾಂಪ್ ಡ್ಯೂಟಿ ಬೇರೆ. ನಾಲ್ಕು ಜನ ಹಂಚಿಕೊಂಡರೆ ಒಂದು ಸಿನಿಮಾದ ಖರ್ಚು, ಅಷ್ಟೇ ಅಲ್ವಾ?

ಫ್ಲ್ಯಾಟಿನಲ್ಲಿರುವ ಅಷ್ಟೂ ಜನರ ಹೆಸರು ಕರಾರಿನಲ್ಲಿರಲಿ. ಡಿಪಾಜಿಟ್ ಮೊತ್ತ ಅಂಕೆಯಲ್ಲಿ ಬರೆದಿರಲಿ, ಅದನ್ನು ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ. ಲಾಕ್-ಇನ್, ಅಂದರೆ ಮಧ್ಯದಲ್ಲಿ ಬಿಡುವಂತಿಲ್ಲದ ಅವಧಿ, ಎಷ್ಟು ತಿಂಗಳು ಅಂತ ಓದಿ, ಯಾಕಂದರೆ ಪರೀಕ್ಷೆ ಮುಗಿದು ಮೇ ತಿಂಗಳಲ್ಲಿ ಹೊರಟರೂ ಜುಲೈವರೆಗೆ ಬಾಡಿಗೆ ಕಟ್ಟಿ ಅಂತಾರೆ. ಬಿಡುವಾಗ ಪೇಂಟಿಂಗ್ ಅಂತ ಎಷ್ಟು ಹಿಡಿಯುತ್ತಾರೆ, ಅದನ್ನೂ ಬರೆಸಿಕೊಳ್ಳಿ. ಅವಧಿ ಮುಗಿದ ಮೇಲೂ ಬಿಡದೆ ಕೂತರೆ ಅದೇ ಕಾಯ್ದೆ ನಿಮ್ಮಿಂದ ಎರಡರಷ್ಟು ಬಾಡಿಗೆ ಕೇಳುತ್ತೆ, ಅದೂ ನೆನಪಿರಲಿ. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಡುವುದನ್ನು ಕೆಲವು ಅಪ್ಪಂದಿರು ಅವಮಾನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ, ಇಲ್ಲಿ ಎಲ್ಲರಿಗೂ ಇದ್ದದ್ದೇ.

ನೀರು ಹೇಗೆ ಬರುತ್ತೆ ಅಂತ ಮಾಲೀಕರನ್ನಲ್ಲ, ವಾಚ್‌ಮನ್‌ನನ್ನು ಕೇಳಿ. ಬಾಣೇರ್ ಕಡೆ ಬೇಸಿಗೆಯಲ್ಲಿ ಟ್ಯಾಂಕರ್ ನಂಬಿರುವ ಕಟ್ಟಡಗಳಿವೆ. ಮೆಸ್‌ಗೆ ಸೇರುವಾಗ ಖಾಡಾ, ಅಂದರೆ ಊಟ ಮಾಡದ ದಿನಗಳ ರಿಯಾಯಿತಿ, ಎಷ್ಟು ದಿನ ಕೊಡುತ್ತಾರೆ ಅಂತ ಮೊದಲೇ ಕೇಳಿ, ದೀಪಾವಳಿಗೆ ಊರಿಗೆ ಹೋದ ದಿನಗಳ ದುಡ್ಡು ಮೆಸ್ ಬಿಲ್‌ನಲ್ಲಿ ಕಡಿಮೆ ಆಗುತ್ತೆ. ಕರಾರಿನ ಪ್ರತಿ ತಂದವರು ಚಹಾ ಆದ ಮೇಲೆ ಇಲ್ಲೇ ಇರಿ, ಒಂದೊಂದಾಗಿ ಓದೋಣ.