ಗೆಳತಿಗೆ ಅವಳಿ ಹುಟ್ಟಿವೆ, ದಿನ ತುಂಬುವ ಮೊದಲೇ

ಕೇಳುಗರಿಗೆ ನಮಸ್ಕಾರ.

ನಮ್ಮ ಮಲೆನಾಡಿನಲ್ಲಿ ಸುದ್ದಿ ಬರುವುದೇ ಹೀಗೆ. "ಅವಳಿ ಅಂತೆ. ದಿನ ತುಂಬಿರಲಿಲ್ಲವಂತೆ. ಬೆಚ್ಚಗಿಡುವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ." ಹಿಂದೆಯೇ ಇನ್ನೊಬ್ಬರು ಕೇಳುತ್ತಾರೆ, "ಏಳು ತಿಂಗಳಾ, ಎಂಟಾ?" ಏಳಕ್ಕೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅದು ಶುದ್ಧ ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ. ಈ ಮಾತು ಬಾಣಂತಿಯ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ. ಗೆಳತಿಯಾಗಿ ನಿಮ್ಮ ಮೊದಲ ಕೆಲಸ ಅದು.

37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಗೆ ಮುಂಚಿನ ಹೆರಿಗೆ. ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹೀಗೇ ಬರುತ್ತವೆ. ಹಾಗಿರುವಾಗ "ಭಾರ ಎತ್ತಿದ್ಯಾ, ಬಸ್ಸಲ್ಲಿ ಓಡಾಡಿದ್ಯಾ, ಪಪ್ಪಾಯಿ ತಿಂದ್ಯಾ" ಅಂತ ವಿಚಾರಣೆ ಯಾಕೆ? ಅವಳು ಆ ಪ್ರಶ್ನೆಗಳನ್ನೆಲ್ಲ ತನಗೆ ತಾನೇ ಕೇಳಿಕೊಂಡು ಆಗಿರುತ್ತದೆ.

ಈ ಮಕ್ಕಳಿಗೆ ಮೈ ಬೆಚ್ಚಗೆ ಇಟ್ಟುಕೊಳ್ಳಲು ಬರುವುದಿಲ್ಲ. ಉಸಿರು ನಡುನಡುವೆ ನಿಲ್ಲುವುದೂ ಉಂಟು. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವುದು ಬಸುರಿನ ಲೆಕ್ಕದಲ್ಲಿ ಸುಮಾರು 34 ವಾರಕ್ಕೆ. ಅಲ್ಲಿಯವರೆಗೆ ಸಾಮಾನ್ಯವಾಗಿ ಮೂಗಿನಿಂದಲೋ ಬಾಯಿಯಿಂದಲೋ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಲ್ಲಿ ಹಾಲು, ಅದೂ ಮಿಲಿಲೀಟರ್ ಲೆಕ್ಕದಲ್ಲಿ. ಆ ಹಾಲನ್ನು ತಾಯಿ ಹಿಂಡಿ ಕೊಡಬೇಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಮೊದಲ ದಿನ ಬಟ್ಟಲಿನ ತಳದಲ್ಲಿ ನಾಲ್ಕು ಹಳದಿ ಹನಿ ಅಂಟಿಕೊಂಡಿರುತ್ತದೆ, ಅಷ್ಟೇ. ಪಕ್ಕದಲ್ಲಿ ನಿಂತವರು "ಇಷ್ಟೇನಾ? ಎರಡಕ್ಕೆ ಸಾಕಾಗುತ್ತಾ?" ಅಂದರೆ ಮುಗಿಯಿತು. ಆ ಹೊತ್ತಿಗೆ ಆ ಮಕ್ಕಳಿಗೆ ಬೇಕಿರುವುದೂ ಅಷ್ಟೇ ಹನಿ. ಬಟ್ಟಲು ತೊಳೆದು, ಕುದಿಸಿ, ಒಣಗಿಸಿ ಮುಂದಿನ ಸರದಿಗೆ ಇಡುವುದು ಇದೆಯಲ್ಲ, ಅದನ್ನು ನೀವು ವಹಿಸಿಕೊಳ್ಳಿ.

ಇನ್ನೊಂದು, ಮಗುವನ್ನು ಬರಿ ಎದೆಗೆ ಅಂಟಿಸಿ ಕಟ್ಟಿಕೊಳ್ಳುವುದು. ಕಾಂಗರೂ ಆರೈಕೆ ಅನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಪೆಟ್ಟಿಗೆಗಳು ಸಾಲದೆ ಒಂದರಲ್ಲೇ ಹಲವು ಕೂಸುಗಳನ್ನು ಮಲಗಿಸಿ ಸೋಂಕು ಹರಡುತ್ತಿದ್ದಾಗ, ಎಡ್ಗರ್ ರೇ ಎಂಬ ವೈದ್ಯರು ಇದನ್ನು ಶುರುಮಾಡಿದರು. ಇವತ್ತು ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಮಾಡಿ ಅನ್ನುತ್ತದೆ. ಅವಳಿ ಅಂದರೆ ಎರಡು ಎದೆ ಬೇಕು, ಅಲ್ವಾ? ಅಪ್ಪನ ಎದೆಯೂ ಆಗುತ್ತದೆ. ಅಜ್ಜಿಯದೂ ಆಗುತ್ತದೆ. "ಗಂಡಸರಿಗೇನು ಇಲ್ಲಿ ಕೆಲಸ" ಅನ್ನುವ ದೊಡ್ಡವರನ್ನು ಕಾಫಿಗೆ ಅಂತ ಆಚೆ ಕರೆದುಕೊಂಡು ಹೋಗುವುದೂ ಒಂದು ಸಹಾಯವೇ.

ಆದರೆ ಅಪ್ಪ ಆಸ್ಪತ್ರೆಯಲ್ಲಿ ಕೂತರೆ ಮನೆ ಯಾರು ನೋಡುತ್ತಾರೆ? ಹೊಸನಗರದ ಆಚೆಯ ಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದು ಹೋದರೆ ದಿನ ಕಳೆಯಿತು. ಕೊಟ್ಟಿಗೆಯಲ್ಲಿ ದನ. ಕೊಯ್ಲಿನ ಹೊತ್ತಾದರೆ ಅಂಗಳದಲ್ಲಿ ಅಡಿಕೆ. ಇಲ್ಲಿ "ಏನಾದ್ರೂ ಬೇಕಾದ್ರೆ ಹೇಳು" ಅನ್ನುವ ಮಾತು ಉಪಯೋಗಕ್ಕೆ ಬರುವುದಿಲ್ಲ. ನಮ್ಮವರು ಬಾಯಿಬಿಟ್ಟು ಕೇಳುವವರಲ್ಲ. "ನಾಳೆಯಿಂದ ಡೈರಿಗೆ ಹಾಲು ನಾನು ಹಾಕ್ತೀನಿ, ಕೊಟ್ಟಿಗೆ ಕೀಲಿ ಎಲ್ಲಿದೆ?" ಅಂತ ಕೇಳಿ. ಕೀಲಿ ತಾನಾಗಿ ಬರುತ್ತದೆ.

ಫೋನಿನದು ಇನ್ನೊಂದು ಕಾಟ. ಎಲ್ಲರಿಗೂ ತೂಕ ಬೇಕು. "ಇವತ್ತು ಎಷ್ಟಾಯ್ತು?" ಮೊದಲ ವಾರ ಈ ಮಕ್ಕಳ ತೂಕ ಇಳಿಯುವುದೇ ಸಹಜ. ಅದನ್ನು ಹತ್ತು ಜನಕ್ಕೆ ಬಿಡಿಸಿ ಹೇಳುವ ತ್ರಾಣ ತಾಯಿಗೆ ಇರುವುದಿಲ್ಲ. ನೆಂಟರಿಗೆಲ್ಲ ನಿಮ್ಮ ನಂಬರ್ ಕೊಡಿ. ಸಂಜೆ ಒಂದು ಸಲ ಸುದ್ದಿ ಕೇಳಿಕೊಂಡು ಉಳಿದವರಿಗೆ ನೀವೇ ಹೇಳಿ.

ನನಗೆ ಕಂಡಂತೆ ಎಲ್ಲಕ್ಕಿಂತ ಕಷ್ಟದ ಹೊತ್ತು, ಒಂದು ಮಗು ಮನೆಗೆ ಬಂದು ಇನ್ನೊಂದು ಆಸ್ಪತ್ರೆಯ ಒಳಗೇ ಉಳಿದಾಗ. ಅವಳಿಗಳಲ್ಲಿ ಇದು ಆಗುತ್ತದೆ. ಊರವರು ಸಂಭ್ರಮದಿಂದ ಬರುತ್ತಾರೆ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯದು. ಆಗ ಒಳಗಿರುವ ಮಗುವನ್ನೂ ವಿಚಾರಿಸಿ. ಹೆಸರಿಟ್ಟಿದ್ದರೆ ಹೆಸರು ಹಿಡಿದೇ ಕೇಳಿ. ಅವಳು ಅತ್ತರೆ ಅಳಲಿ, ಪಕ್ಕದಲ್ಲಿ ಸುಮ್ನೆ ಕೂತಿರಿ.

ಎರಡೂ ಮನೆಗೆ ಬಂದ ಮೇಲೆ ಬಾಣಂತಿ ಕೋಣೆಯಲ್ಲಿ ಕೆಂಡ, ಲೋಬಾನದ ಹೊಗೆ ಬೇಡ. ಆ ಶ್ವಾಸಕೋಶ ತಡೆಯುವುದಿಲ್ಲ. ನೆಗಡಿ ಇದ್ದವರು ಹೊಸಿಲು ದಾಟಬೇಡಿ. ಮತ್ತೆ ಕಣ್ಣಿನ ಪರೀಕ್ಷೆ. ಬೇಗ ಹುಟ್ಟಿದ ಮಕ್ಕಳಲ್ಲಿ ಕಣ್ಣಿನ ಹಿಂಭಾಗದ ರಕ್ತನಾಳಗಳು ತಪ್ಪಾಗಿ ಬೆಳೆಯಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ. 34 ವಾರಕ್ಕೆ ಮುಂಚೆ ಹುಟ್ಟಿದ್ದರೆ, ಇಲ್ಲವೇ ಹುಟ್ಟಿದಾಗ ತೂಕ 2 ಕಿಲೋಗಿಂತ ಕಡಿಮೆ ಇದ್ದರೆ, ಹುಟ್ಟಿ ತಿಂಗಳು ತುಂಬುವುದರೊಳಗೆ ಮೊದಲ ಪರೀಕ್ಷೆ ಆಗಬೇಕು. ಡಾಕ್ಟರು ಕರೆದಾಗಲೆಲ್ಲ ಮತ್ತೆ ಹೋಗಬೇಕು. ಜಡಿಮಳೆ, ಬಸ್ಸಿಲ್ಲ, "ಮಗು ಚೆನ್ನಾಗೇ ಇದೆಯಲ್ಲ" ಅಂತ ತಪ್ಪಿಹೋಗುವುದು ಇದೇ. ಆ ತಾರೀಖು ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಇರಲಿ. ಜೀಪು ಹೇಳಿಡಿ.

ಕೆಲವು ತಿಂಗಳಾದ ಮೇಲೆ ಯಾವುದೋ ಮದುವೆಮನೆಯಲ್ಲಿ ಯಾರೋ ಅತ್ತೆ ಶುರುಮಾಡುತ್ತಾರೆ: "ಆರು ತಿಂಗಳಾಯ್ತು, ಇನ್ನೂ ಮಗುಚಿಕೊಳ್ಳಲ್ವಾ?" ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಆರು ತಿಂಗಳು ಅಂದರೆ ಬೆಳವಣಿಗೆಯ ಲೆಕ್ಕದಲ್ಲಿ ನಾಲ್ಕೇ. ಡಾಕ್ಟರುಗಳೂ ಎರಡು ವರ್ಷದವರೆಗೆ ಹೀಗೇ ಲೆಕ್ಕ ಹಾಕುತ್ತಾರೆ. ಆ ಉತ್ತರವನ್ನು ಗೆಳತಿಯ ಬದಲು ನೀವೇ ಕೊಟ್ಟುಬಿಡಿ. ಮಕ್ಕಳನ್ನು ನೀವು ಎತ್ತಿಕೊಂಡು, ಅವಳನ್ನು ಮೊದಲ ಪಂಕ್ತಿಗೇ ಊಟಕ್ಕೆ ಕಳಿಸಿ.

ನಮಸ್ಕಾರ.