ಮುಚ್ಚಿದ ಕೋಣೆಯ ನೀರಿನ ಲೆಕ್ಕ

ನಮಸ್ಕಾರ ಎಲ್ರಿಗೂ. ಆಟಿ ತಿಂಗಳಲ್ಲಿ ಹಪ್ಪಳದ ಡಬ್ಬದ ಮುಚ್ಚಳ ಒಂದು ರಾತ್ರಿ ಸಡಿಲ ಉಳಿದ್ರೆ ಬೆಳಿಗ್ಗೆ ಹಪ್ಪಳ ಮುರೀಲಿಕ್ಕೆ ಹೋದ್ರೆ ಒದ್ದೆ ಬಟ್ಟೆ ಹಾಗೆ ಬಗ್ತದೆ, ಇದನ್ನು ಕಾಸರಗೋಡಿನವರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ವರ್ಷಕ್ಕೆ ಹೆಚ್ಚುಕಡಿಮೆ 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ದು. ಅಂಥಾ ಊರಲ್ಲಿ ನಾನು ಬದಿಯಡ್ಕದ ಹತ್ರ ನಮ್ಮ ಹಳೇ ಅಡಿಕೆ ಕೋಣೆಯನ್ನು ಗಾಳಿ ಆಡದ ಹಾಗೆ ಮುಚ್ಚಿ, ಒಳಗೆ ರ‍್ಯಾಕ್ ನಿಲ್ಲಿಸಿ, ಎಲ್‌ಇಡಿ ಲೈಟು ಹಾಕಿ ಲೆಟ್ಯೂಸು, ಬೇಸಿಲು ಅಂತ ಸೊಪ್ಪು ಬೆಳೆಸ್ಲಿಕ್ಕೆ ಹೊರಟವ. ಊರಿನವ್ರು ನಗಾಡಿದ್ರು, ಅದಿರ್ಲಿ.

ನಾನು ಮಾಡಿದ ತಪ್ಪು ಎಂತ ಅಂದ್ರೆ, ಬರೀ ಸೆಕೆಯ ಲೆಕ್ಕ ಹಾಕಿದ್ದು. ಅದು ಸುಲಭದ ಲೆಕ್ಕ. ಲೈಟಿಗೆ ಎಷ್ಟು ಕರೆಂಟು ಹೋಗ್ತದೋ ಅಷ್ಟೂ ಕೊನೆಗೆ ಕೋಣೆ ಒಳಗೆ ಶಾಖವೇ ಆಗ್ತದೆ, ಎಲ್‌ಇಡಿ ತಂಪು ಅಂತ ಅಂಗಡಿಯವ್ರು ಹೇಳಿದ್ರೂ ಅಷ್ಟೇ. ನನ್ನದು 2,000 ವ್ಯಾಟ್. 1 ಟನ್ ಏಸಿ ಅಂದ್ರೆ ಸುಮಾರು 3,500 ವ್ಯಾಟ್ ಶಾಖ ಹೊರಗೆ ಹಾಕುವ ಮಿಶನು. ಫ್ಯಾನು, ಪಂಪು, ಮಾಡಿನ ಬಿಸಿ ಎಲ್ಲ ಸೇರಿಸಿದ್ರೂ 1 ಟನ್ ಬೇಕಾದಷ್ಟಾಯ್ತು ಅಂತ ಧೈರ್ಯದಲ್ಲಿ ಇನ್ವರ್ಟರ್ ಏಸಿ ತಂದೆ. ಕೋಣೆ ತಂಪಾಯ್ತು ನೋಡಿ, ಭಾರೀ ಖುಷಿ. ಮೂರನೇ ವಾರಕ್ಕೆ ಲೆಟ್ಯೂಸಿನ ಎಳೆ ಎಲೆಯ ಅಂಚು ಸುಟ್ಟ ಹಾಗೆ ಕಂದು, ಗೋಡೆಯ ಮೂಲೆಯಲ್ಲಿ ಬೂಸ್ಟು.

ಈಗ ಪೆನ್ನಿದ್ರೆ ಬರ್ಕೊಳ್ಳಿ. ಗಿಡ ಕುಡಿದ ನೀರಲ್ಲಿ ಮೈಯಲ್ಲಿ ಉಳಿಸಿಕೊಳ್ಳುದು ಬಹಳ ಕಮ್ಮಿ, ಉಳಿದದ್ದೆಲ್ಲ ಎಲೆಯಿಂದ ಆವಿಯಾಗಿ ಗಾಳಿಗೆ ಬರ್ತದೆ. ಗಿಡಕ್ಕೆ ನೀರು ಹೋಗುವ ನನ್ನ ಟ್ಯಾಂಕಿಗೆ ದಿನಕ್ಕೆ 30 ಲೀಟರ್ ತುಂಬಿಸ್ಬೇಕು, ಅಂದ್ರೆ ಹತ್ತಿರ ಹತ್ತಿರ 30 ಲೀಟರ್ ನೀರು ಆ ಮುಚ್ಚಿದ ಕೋಣೆಯ ಗಾಳಿಯಲ್ಲಿ! ಕಿಟಕಿ ಇಲ್ಲ, ಹೋಗುದೆಲ್ಲಿಗೆ? ಗಾಳಿ ಆಗ್ಲೇ ತುಂಬಿದ್ರೆ ಎಲೆ ಮತ್ತೆ ಆವಿ ಬಿಡುದಿಲ್ಲ, ಬೇರು ನೀರು ಎಳೆಯುದಿಲ್ಲ, ಆ ನೀರಿನೊಟ್ಟಿಗೆ ಬರ್ಬೇಕಾದ ಕ್ಯಾಲ್ಸಿಯಂ ಎಳೆ ಎಲೆಯ ತುದಿಗೆ ಮುಟ್ಟುದಿಲ್ಲ. ನಾನೋ, ಗೊಬ್ಬರ ಕಮ್ಮಿ ಆಯ್ತು ಅಂತ ಕ್ಯಾಲ್ಸಿಯಂ ಸುರಿದು ಸುರಿದು ಹಾಕಿದ್ದೇ ಬಂತು.

ಏಸಿ ನೀರು ತೆಗೀತದಲ್ವಾ ಅಂತ ಕೇಳ್ಬಹುದು. ತೆಗೀತದೆ, ಕಂಪ್ರೆಸರ್ ಜೋರು ಓಡುವಷ್ಟು ಹೊತ್ತು. ಹೇಳಿದ ಡಿಗ್ರಿಗೆ ಬಂದ ಕೂಡ್ಲೇ ಇನ್ವರ್ಟರ್ ನಿಧಾನ ಆಗ್ತದೆ, ಏಸಿ ಒಳಗಿನ ತಂಪು ಕೊಳವೆ, ಅಂದ್ರೆ ಕಾಯಿಲು, ಬೆಚ್ಚಗಾಗ್ತದೆ, ಅದರ ಮೇಲಿದ್ದ ನೀರನ್ನು ಫ್ಯಾನು ಪುನಃ ಕೋಣೆಗೇ ಊದ್ತದೆ. ಇನ್ನು ರಾತ್ರಿ, ಅಂದ್ರೆ ಗಿಡದ ರಾತ್ರಿ, ಲೈಟು ಆಫ್ ಆದ ಹೊತ್ತು. ಲೈಟಿದ್ದಾಗ 26 ಡಿಗ್ರಿ, ತೇವ ಶೇಕಡಾ 65, ಒಳ್ಳೇದೇ. ಲೈಟು ಹೋಗಿ ಕೋಣೆ 20 ಡಿಗ್ರಿಗೆ ಇಳಿದ್ರೆ ಒಂದು ಹನಿ ನೀರು ಸೇರದೇನೇ ಅದೇ ಗಾಳಿಯ ತೇವ ಶೇಕಡಾ 93 ಆಗ್ತದೆ, ತಂಪು ಗೋಡೆ ಮೇಲೆ ಬೆವರು, ಎಲೆ ಮೇಲೆ ಬೆವರು. ಬೂಸ್ಟಿಗೆ ಮತ್ತೆಂತ ಬೇಕು ಮಾರಾಯ್ರೆ? ಹಾಗಾಗಿ ಪ್ಲಾನು ಮಾಡುವಾಗ ಲೈಟು ಆಫ್ ಆದ ಮೊದಲ ಎರಡು ಗಂಟೆಗೆ ಪ್ಲಾನು ಮಾಡಿ, ಆಗ ಕೋಣೆ ತೀರಾ ತಂಪಾಗ್ಲಿಕ್ಕೆ ಬಿಡ್ಬೇಡಿ, ಸಣ್ಣ ಫ್ಯಾನು ಎಲೆಗಳ ನಡುವೆ ತಿರುಗ್ತಾ ಇರ್ಲಿ.

ಇದಕ್ಕೆ ಬೇಕಾದದ್ದು ಡಿಹ್ಯೂಮಿಡಿಫೈಯರ್, ಅಂದ್ರೆ ಗಾಳಿಯ ತೇವವನ್ನು ಹಿಡಿದು ನೀರು ಮಾಡಿ ಬಕೆಟಿಗೆ ಇಳಿಸುವ ಮಿಶನು. ಅದರಲ್ಲೂ ಮೋಸ ಹೋದೆ, ಮೋಸ ಅಂದ್ರೆ ಪೆಟ್ಟಿಗೆ ಮೇಲೆ ಬರೆದದ್ದನ್ನು ಪೂರ್ತಿ ಓದದ್ದು. ದಿನಕ್ಕೆ 30 ಲೀಟರ್ ಅಂತ ದೊಡ್ಡಕ್ಷರ, 30 ಡಿಗ್ರಿಯಲ್ಲಿ ಶೇಕಡಾ 80 ತೇವ ಇದ್ದಾಗ ಅಂತ ಇರುವೆ ಅಕ್ಷರ. ನನ್ನ ಕೋಣೆಯ 25 ಡಿಗ್ರಿ, 60ರಲ್ಲಿ ಬಕೆಟಿಗೆ ಬಿದ್ದದ್ದು 14 ಲೀಟರ್. ಮತ್ತೆ, ಅದು ನೀರು ಹಿಡಿಯುವಾಗ ಬಿಸಿಯನ್ನು ಕೋಣೆಗೇ ವಾಪಾಸು ಕೊಡ್ತದೆ. 1 ಲೀಟರ್ ಆವಿ ನೀರಾಗುವಾಗ ಮುಕ್ಕಾಲು ಯೂನಿಟಿಗೆ ಸ್ವಲ್ಪ ಕಮ್ಮಿ ಶಾಖ, ಅದರ ಮೇಲೆ ಮಿಶನಿನ ಸ್ವಂತ ಕರೆಂಟು. ಗಿಡ ಆವಿ ಮಾಡ್ಲಿಕ್ಕೆ ಖರ್ಚು ಮಾಡಿದ್ದು ಲೈಟಿನ ಶಾಖವನ್ನೇ, ಹಾಗಾಗಿ ಆವಿಯದ್ದನ್ನು ಎರಡು ಸಲ ಕೂಡಿಸ್ಬೇಡಿ, ಮಿಶನಿನ ವ್ಯಾಟು ಮಾತ್ರ ಏಸಿ ಲೆಕ್ಕಕ್ಕೆ ಸೇರಿಸಿ.

ಗೋಡೆ ನಮ್ಮಲ್ಲಿ ಮುರಕಲ್ಲಿಂದು, ಮಳೆಗಾಲದಲ್ಲಿ ಸ್ಪಂಜೇ ಸರಿ. ಒಳಗೆ ಪೈಂಟು ಹೊಡೆದ್ರೆ ಗುಳ್ಳೆ ಎದ್ದು ಬರ್ತದೆ. ನಾನು ಕಡೆಗೆ ಗೋಡೆಗೆ ತಾಗದ ಹಾಗೆ ಕೋಲ್ಡ್ ಸ್ಟೋರೇಜಿಗೆ ಹಾಕುವ ಪಫ್ ಪ್ಯಾನೆಲಿನ ಪೆಟ್ಟಿಗೆಯನ್ನೇ ಕೋಣೆ ಒಳಗೆ ಕಟ್ಟಿಸಿದೆ, ಸಂದಿಗೆಲ್ಲ ಸಿಲಿಕಾನ್.

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ ಚಿಲ್ಲರೆ ಉಂಟು, ಅಂದ್ರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು, ಮುಚ್ಚಿದ ಕೋಣೆಯಲ್ಲಿ ಗಿಡ ಅದನ್ನು ಬೇಗ ಮುಗಿಸ್ತದೆ, ಹಾಗಾಗಿ ಕೆಲವರು ಸಿಲಿಂಡರಿಂದ ಬಿಟ್ಟು 800, 1,000ಕ್ಕೆ ಏರಿಸ್ತಾರೆ. ವಾಸನೆ ಇಲ್ಲದ ಗ್ಯಾಸು ಅದು, ಸೋರಿದ್ರೆ ಗೊತ್ತೇ ಆಗುದಿಲ್ಲ, ಮನುಷ್ಯ ಎಂಟು ಗಂಟೆ ಕೆಲಸ ಮಾಡ್ಲಿಕ್ಕೆ 5,000 ಮಿತಿ. ಕೂಗುವ ಮೀಟರ್ ಇಲ್ಲದೆ ಸಿಲಿಂಡರ್ ಒಳಗೆ ತರ್ಲೇಬೇಡಿ. ನಾನಂತೂ ತರ್ಲಿಲ್ಲ, ದಿನಕ್ಕೆ ನಾಲ್ಕು ಸಲ ಬಾಗಿಲು ತೆಗೀತೇನೆ, ಅಷ್ಟೇ. ಬೆಳೆ ಸ್ವಲ್ಪ ಕಮ್ಮಿ ಬರ್ಲಿ.

ಈಗ ಬಾಗಿಲ ಹತ್ರ ಒಂದು ಪುಸ್ತಕ ನೇತುಹಾಕಿದ್ದೇನೆ, ಒಂದು ಬದಿ ಟ್ಯಾಂಕಿಗೆ ಹೊಯ್ದ ಲೀಟರ್, ಇನ್ನೊಂದು ಬದಿ ಬಕೆಟಿಗೆ, ಏಸಿ ಪೈಪಿಗೆ ಬಂದ ಲೀಟರ್, ಎರಡೂ ಹತ್ರ ಹತ್ರ ಇದ್ರೆ ನಿದ್ದೆ ಬರ್ತದೆ. ಮೊನ್ನೆ ಮಳೆ ಬೇಗ ಸುರುವಾಗಿ ಹಲಸಿನ ಹಪ್ಪಳ ಒಣಗ್ದೆ ಅಮ್ಮ ಚಾಪೆ ಸಮೇತ ಆ ಬಾಗಿಲಿಗೆ ಬಂದು ನಿಂತ್ರು, ಇಷ್ಟು ಒಣ ಜಾಗ ಊರಲ್ಲೇ ಇಲ್ವಂತೆ ಅಲ್ಲಾ, ಒಂದು ರಾತ್ರಿಗೆ ಕೊಡು ಅಂತ. ಹಸಿ ಹಪ್ಪಳದ ನೀರು ಪುಸ್ತಕದ ಯಾವ ಬದಿಗೆ ಬರೆಯುದು ಅಂತ ಕೇಳಿದೆ. ಅಮ್ಮ ಎಂತ ಹೇಳಿದ್ರು ಅನ್ನುದನ್ನು ರೇಡಿಯೋದಲ್ಲಿ ಹೇಳ್ಲಿಕ್ಕಾಗುದಿಲ್ಲ. ನಮಸ್ಕಾರ.