ಡೈವೋರ್ಸ್ ಅರ್ಜಿ ಯಾವ ಊರಿನ ಕೋರ್ಟಿಗೆ?

ಕೇಳುಗರಿಗೆ ನಮಸ್ಕಾರ. ಸಂಸಾರ ಮುರಿಯುವ ಹಂತಕ್ಕೆ ಬಂದಾಗ ಎಲ್ಲರೂ ಕೇಳುವುದು ಜೀವನಾಂಶ ಎಷ್ಟು, ಮಕ್ಕಳು ಯಾರ ಹತ್ತಿರ ಅಂತ. ಅರ್ಜಿಯನ್ನು ಯಾವ ಊರಿನ ಕೋರ್ಟಿಗೆ ಹಾಕಬೇಕು ಅಂತ ಕೇಳುವವರು ಕಡಿಮೆ. ಊರು ತಪ್ಪಿದರೆ ಅರ್ಜಿಯೇ ವಾಪಸ್ ಬರಬಹುದು.

1955ರ ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಇದಕ್ಕೆ ಉತ್ತರ ಇದೆ. ಮದುವೆ ನಡೆದ ಊರು, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರು, ಎದುರು ಪಕ್ಷದವರು ಈಗ ಇರುವ ಊರು. ಇವುಗಳಲ್ಲಿ ಯಾವುದಾದರೂ ಆಗುತ್ತದೆ.

ಒಬ್ಬ ಹೆಣ್ಣುಮಗಳ ಮದುವೆ ಧರ್ಮಸ್ಥಳದಲ್ಲಿ ಆಯಿತು, ಸಂಸಾರ ಪುಣೆಯಲ್ಲಿ ನಡೆಯಿತು ಅಂದುಕೊಳ್ಳಿ. ಈಗ ಆಕೆ ಮಗುವಿನ ಜೊತೆ ಹಾವೇರಿಯ ತವರಿಗೆ ಬಂದಿದ್ದಾಳೆ. ಹಿಂದೆ ಆಗಿದ್ದರೆ ಹಾವೇರಿ ಕೋರ್ಟಿನಲ್ಲಿ ಆಕೆಯ ಅರ್ಜಿ ನಡೆಯುತ್ತಿರಲಿಲ್ಲ. ಪ್ರತಿ ವಾಯಿದೆಗೂ ಬಸ್ ಚಾರ್ಜ್ ಹೊಂದಿಸಿ, ಜೊತೆಗೊಬ್ಬರನ್ನು ಕರೆದುಕೊಂಡು ಪುಣೆಗೋ, ಮದುವೆ ನಡೆದ ಧರ್ಮಸ್ಥಳದ ಕಡೆಯ ಕೋರ್ಟಿಗೋ ಹೋಗಬೇಕಿತ್ತು. ಎಷ್ಟು ಜನ ಸುಮ್ನೆ ಕೈಬಿಟ್ಟಿರಬಹುದು, ಅಲ್ವಾ?

2003ರ ಡಿಸೆಂಬರ್‌ನಲ್ಲಿ ಕಾನೂನು ತಿದ್ದುಪಡಿ ಆಯಿತು. ಅರ್ಜಿ ಹಾಕುವವಳು ಹೆಂಡತಿಯಾದರೆ, ಆ ದಿನ ಆಕೆ ವಾಸವಿರುವ ಊರಿನ ಕೋರ್ಟೇ ಸಾಕು. ಯಾವ ಧರ್ಮದವರಾದರೂ ರಿಜಿಸ್ಟರ್ ಮದುವೆಯಾಗಲು ಇರುವ ವಿಶೇಷ ವಿವಾಹ ಕಾಯ್ದೆಗೂ ಇದೇ ತಿದ್ದುಪಡಿ ಬಂತು. ತುಂಬಾ ನ್ಯಾಯವಾದ ಬದಲಾವಣೆ ಇದು. ಇಷ್ಟೇ ದಿನ ಇದ್ದಿರಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಆದರೆ ನಿಜವಾಗಿ ಅಲ್ಲಿ ನೆಲೆಸಿರಬೇಕು. ಎರಡು ದಿನ ನೆಂಟರ ಮನೆಯಲ್ಲಿ ಉಳಿದರೆ ಅದು ವಾಸ ಅನ್ನಿಸುವುದಿಲ್ಲ.

ಮದುವೆಯಾಗಿ ಒಂದು ವರ್ಷ ಆಗಿರಬೇಕು ಅನ್ನುವ ನಿಯಮ ಬೇರೆ. ಅದು ಡೈವೋರ್ಸಿಗೆ ಮಾತ್ರ. ವಿಪರೀತ ಕಷ್ಟ ಇದ್ದರೆ ಕೋರ್ಟು ಅದಕ್ಕೂ ವಿನಾಯಿತಿ ಕೊಡಬಹುದು. ಮದುವೆ ಉಳಿಸಿಕೊಂಡೇ, ಕೋರ್ಟಿನ ಆದೇಶ ಪಡೆದು ಬೇರೆ ಇರಲು ಈ ಒಂದು ವರ್ಷ ಕಾಯಬೇಕಿಲ್ಲ.

ಇನ್ನು ಮಕ್ಕಳು ಅಮೆರಿಕದಲ್ಲಿರುವ ಮನೆಯವರು ದಯವಿಟ್ಟು ಗಮನ ಕೊಡಿ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ. ನೆವಾಡದಲ್ಲಿ ಆರು ವಾರ ವಾಸವಿದ್ದರೆ ಅರ್ಜಿ ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳು, ಮಿಸೌರಿಯಲ್ಲಿ 90 ದಿನ.

ತಿರುಪತಿಯಲ್ಲಿ ಮದುವೆಯಾದ ಒಬ್ಬರು ಮಿಸೌರಿಯ ಆ 90 ದಿನದ ನಿಯಮ ಹಿಡಿದು ಅಲ್ಲಿ ಡೈವೋರ್ಸ್ ಪಡೆದರು. ಹೆಂಡತಿ ಆ ಕೋರ್ಟಿನ ಅಧಿಕಾರ ಒಪ್ಪಿರಲಿಲ್ಲ. ಗಂಡ ಇಲ್ಲಿ ಬಂದು ಇನ್ನೊಂದು ಮದುವೆಯಾದಾಗ ಆಕೆ ದೂರು ಕೊಟ್ಟರು. 1991ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ಅಮೆರಿಕದ ತೀರ್ಪು ಇಲ್ಲಿ ನಡೆಯುವುದಿಲ್ಲ ಅಂದಿತು. ಅಲ್ಲಿ ಕೊಟ್ಟ ಕಾರಣವೂ ಹಿಂದೂ ವಿವಾಹ ಕಾಯ್ದೆಯಲ್ಲಿ ಇರಲಿಲ್ಲ.

ಹಾಗಂತ ವಿದೇಶದ ಎಲ್ಲಾ ತೀರ್ಪೂ ಬಿದ್ದುಹೋಗುವುದಿಲ್ಲ. ಇಬ್ಬರೂ ಒಪ್ಪಿದ್ದರೆ ಮಾತು ಬೇರೆ. ಆದರೆ ಅಲ್ಲಿಂದ ನೋಟಿಸ್ ಬಂದರೆ ಬೀರುವಿನಲ್ಲಿಡಬೇಡಿ, ಸಹಿ ಹಾಕಿ ವಾಪಸ್ ಕಳಿಸಲೂ ಬೇಡಿ. ಮೊದಲು ವಕೀಲರಿಗೆ ತೋರಿಸಿ. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ನಮಸ್ಕಾರ.